ಒಂಬತ್ತರಲ್ಲಿ ಏಳನೆಯದು

ಜುಲೈ ತಿಂಗಳ ಸಂಜೆ. ಉಡುಪಿಯ ನನ್ನ ಕಚೇರಿಯ ಹೆಂಚಿನ ಮೇಲೆ ಮಳೆ ಬಿಡದೆ ಹೊಯ್ಯುತ್ತಿತ್ತು. ಮಲ್ಪೆಯ ಒಂದು ಮನೆಯನ್ನು ಸ್ವಾಧೀನಕ್ಕೆ ಪಡೆಯಲು ನೆರವು ಕೋರಿ, ಮರುದಿನ ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿಯವರಿಗೆ, ಅಡಮಾನದ ಆಸ್ತಿಯಿಂದ ಸಾಲ ವಸೂಲು ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 14ನೇ ಸೆಕ್ಷನ್ ಅಡಿ ಅರ್ಜಿ ಹಾಕಬೇಕಿತ್ತು. ಗೃಹಸಾಲ ಕೊಟ್ಟ ಬ್ಯಾಂಕಿಗೆ ನಾನು ಪ್ಯಾನಲ್ ವಕೀಲೆ.

ಈ ಅರ್ಜಿಯ ಜೊತೆ ಬ್ಯಾಂಕಿನ ಅಧಿಕೃತ ಅಧಿಕಾರಿ ಒಂಬತ್ತು ಅಂಶಗಳ ಅಫಿಡವಿಟ್ ಕೊಡಬೇಕು. ಬಾಕಿ ಎಷ್ಟು, ಅಡಮಾನ ಸರಿಯಾಗಿದೆಯೇ, ಖಾತೆ ಎನ್‌ಪಿಎ, ಅಂದರೆ ಕಂತು ಬಾರದೆ ನಿಂತ ಸಾಲ, ಆಗಿದೆಯೇ, ಬಾಕಿ ಕಟ್ಟಲು 60 ದಿನ ಕೊಡುವ ನೋಟಿಸ್ ಮುಟ್ಟಿದೆಯೇ. ಆರು ಅಂಶಗಳನ್ನು ಸರಾಗವಾಗಿ ಟೈಪ್ ಮಾಡಿದೆ. ಏಳನೆಯದು, ಸಾಲಗಾರರ ಆಕ್ಷೇಪವನ್ನು ಪರಿಶೀಲಿಸಿ, ಒಪ್ಪದಿರುವುದಕ್ಕೆ ಕಾರಣವನ್ನು ಅವರಿಗೆ ತಿಳಿಸಲಾಗಿದೆ ಎಂಬುದು. ಶಾಖೆಯ ಟಿಪ್ಪಣಿಯಲ್ಲಿ ‘ಆಕ್ಷೇಪ ಬಂದಿಲ್ಲ’ ಎಂದಿತ್ತು. ಪ್ರಮಾಣ ಮಾಡಿ ಹೇಳುವ ಮಾತಲ್ಲವೇ ಎಂದು ಫೈಲನ್ನು ಮತ್ತೊಮ್ಮೆ ಮಗುಚಿದೆ. ಮನೆಯ ಮೌಲ್ಯಮಾಪನ ವರದಿಯ ಹಿಂದೆ ಗೆರೆಹಾಳೆಯ ಎರಡು ಪುಟದ ಕಾಗದ ಸಿಕ್ಕಿಕೊಂಡಿತ್ತು. ಅದರ ಮೇಲೆ ಶಾಖೆಯ ಮೊಹರು, ಮೇ ತಿಂಗಳ ತಾರೀಖು.

ಬರೆದವರು ಸಾಲಗಾರರೇ, ಮೀನುಗಾರಿಕೆ ಬೋಟು ನಡೆಸುವ ತಾಂಡೇಲರು. ಚಳಿಗಾಲದಲ್ಲಿ ಹೆಂಡತಿಗೆ ಶಸ್ತ್ರಚಿಕಿತ್ಸೆ ಆಗಿ ಕಂತುಗಳು ತಪ್ಪಿದವು, ಏಪ್ರಿಲ್‌ನಲ್ಲಿ ಕಟ್ಟಿದ 36,000 ರೂಪಾಯಿ ನಿಮ್ಮ ನೋಟಿಸಿನಲ್ಲಿ ಕಾಣುತ್ತಿಲ್ಲ, ಚಲನ್ ಲಗತ್ತಿಸಿದ್ದೇನೆ ಎಂದಿದ್ದರು. ಕೊನೆಯಲ್ಲಿ, ‘ಜೂನ್ 1ಕ್ಕೆ ಬೋಟು ದಡ ಸೇರುತ್ತದೆ. ಆಗಸ್ಟ್‌ನಲ್ಲಿ ನೀರಿಗಿಳಿದ ಮೇಲೆ ಉಳಿದದ್ದನ್ನು ಕಟ್ಟುತ್ತೇನೆ’ ಎಂದು ಬರೆದಿದ್ದರು. ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಆ 61 ದಿನ ಮಲ್ಪೆಯ ಎಷ್ಟೋ ಮನೆಗಳಿಗೆ ಸಂಪಾದನೆಯೇ ಇರುವುದಿಲ್ಲ.

ಮ್ಯಾನೇಜರರಿಗೆ ಫೋನ್ ಮಾಡಿದೆ.

“ಅದು ಆಕ್ಷೇಪ ಅಲ್ಲ ಮೇಡಂ, ಸಮಯ ಕೇಳಿದ್ದಾರೆ ಅಷ್ಟೆ.”

“ಲೆಕ್ಕ ತಪ್ಪಿದೆ ಎಂದು ಚಲನ್ ಇಟ್ಟಿದ್ದಾರೆ ಸರ್. 15 ದಿನಗಳಲ್ಲಿ ಉತ್ತರ ಕೊಡಬೇಕಿತ್ತು. ಇದನ್ನು ಮುಚ್ಚಿಟ್ಟ ಅಫಿಡವಿಟ್ಟಿಗೆ ನೀವು ಸಹಿ ಹಾಕಬಾರದು.”

ಬ್ಯಾಂಕಿನ ಹಣವೂ ಯಾರೋ ಬೆವರು ಸುರಿಸಿ ಇಟ್ಟ ಠೇವಣಿಯೇ. ಅದನ್ನು ವಸೂಲು ಮಾಡುವ ಕೆಲಸದ ಬಗ್ಗೆ ನನಗೆ ಎಂದೂ ಅಳುಕಿಲ್ಲ. ಆದರೆ ಸ್ವಾಧೀನ ಆದಮೇಲೆ ಈ ಮನುಷ್ಯ 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅಲೆಯಬೇಕಿತ್ತು. ಅಲ್ಲಿ ಈ ಕಾಗದ ಹೊರಬಂದರೆ ಬ್ಯಾಂಕೂ ಸೋಲುತ್ತಿತ್ತು. ಅವರು ಅಲ್ಲಿಯವರೆಗೆ ಹೋಗಲಾಗದೆ ಸುಮ್ಮನಾಗಿದ್ದರೆ? ಆ ರಾತ್ರಿ ನಿದ್ದೆ ಕೆಡಿಸಿದ್ದು ಈ ಯೋಚನೆಯೇ.

ಬೆಳಿಗ್ಗೆ ರಜತಾದ್ರಿಯ ಬದಲು ಶಾಖೆಗೆ ಹೋದೆ. ಮ್ಯಾನೇಜರರೇ ಕುಳಿತು ಹುಡುಕಿದರು. 36,000 ರೂಪಾಯಿ ಸಾಲದ ಖಾತೆಗೆ ಹೋಗದೆ ಅವರದೇ ಉಳಿತಾಯ ಖಾತೆಯಲ್ಲಿ ಬಿದ್ದಿತ್ತು. ಅದನ್ನು ಸಾಲಕ್ಕೆ ಜಮಾ ಮಾಡಿದರೂ ಬಾಕಿ ಪೂರ್ತಿ ತೀರುತ್ತಿರಲಿಲ್ಲ, ಖಾತೆ ಎನ್‌ಪಿಎ ಆಗಿಯೇ ಇರುತ್ತಿತ್ತು. ಆದರೂ ಮೇಲಿನ ಕಚೇರಿಯೊಡನೆ ಮಾತಾಡಿ ಸೆಪ್ಟೆಂಬರ್ ಕೊನೆಯವರೆಗೆ ಸಮಯ ಕೊಡಿಸಿದರು.

ಉತ್ತರದ ಕರಡನ್ನು ಕನ್ನಡದಲ್ಲೇ ಬರೆದೆ. ಎಷ್ಟು ಜಮಾ ಆಯಿತು, ಇನ್ನೆಷ್ಟು ಉಳಿಯಿತು, ಯಾವ ದಿನದೊಳಗೆ ಕಟ್ಟಬೇಕು ಎಂಬುದರ ಜೊತೆಗೆ, ತಡವಾಗಿ ಉತ್ತರಿಸುತ್ತಿರುವುದಕ್ಕೆ ವಿಷಾದವನ್ನೂ ಸೇರಿಸಿದೆ. ಆ ಸಾಲನ್ನು ಹೊಡೆದುಹಾಕುತ್ತಾರೆ ಎಂದುಕೊಂಡಿದ್ದೆ. ಮ್ಯಾನೇಜರರು ಎರಡು ಸಲ ಓದಿ, ಹಾಗೆಯೇ ಸಹಿ ಹಾಕಿದರು.