ಕಲ್ಲು ಎಳೆದ ಎಂಜಿನ್‌ಗೆ ಬ್ರೇಕು

ಹೋದ ಸಲ ಬರೆದಾಗ ನಮ್ಮ ಹಬೆ ರೈಲು ಎಂಜಿನ್ನಿನ ಬಾಯ್ಲರ್ ಇನ್ನೂ ಚಾಸಿಯ ಮೇಲೆ ಕೂತಿರಲಿಲ್ಲ. ಈಗ ಕೂತಿದೆ. ಒಳಗೆ ಬಿಸಿ ಹೊಗೆ ಹಾಯುವ ಟ್ಯೂಬುಗಳೆಲ್ಲ ಹೊಸವು, ನೀರಿನ ಪರೀಕ್ಷೆಯೂ ಮುಗಿದಿದೆ. ಆದರೆ ಈ ನಾಲ್ಕು ತಿಂಗಳು ನಮ್ಮನ್ನು ಜಾಸ್ತಿ ದುಡಿಸಿದ್ದು ಬಾಯ್ಲರ್ ಅಲ್ಲ, ಬ್ರೇಕು.

ಹೊಸದಾಗಿ ಓದುವವರಿಗೆ ಒಂದೆರಡು ಮಾತು. ನಾನಿರುವುದು ಮ್ಯಾಂಚೆಸ್ಟರಿನಲ್ಲಿ. ಶನಿವಾರ ಬೆಳಗ್ಗೆ ಆರಕ್ಕೆ ಹೊರಟು ಉತ್ತರ ವೇಲ್ಸಿನ ಒಂದು ಸಣ್ಣ ಶೆಡ್ಡಿಗೆ ಹೋಗುತ್ತೇನೆ. ಅಲ್ಲಿ ಏಳು ಜನ ಸೇರಿ ಒಂದು ಪುಟ್ಟ ಹಬೆ ಎಂಜಿನ್ ಸರಿ ಮಾಡುತ್ತಿದ್ದೇವೆ. ಯಾರಿಗೂ ಸಂಬಳ ಇಲ್ಲ. ಈ ಕಡೆ ಇದು ಹಳೇ ರೂಢಿ. 1951ರಲ್ಲಿ ಟಲಥ್ಲಿನ್ ರೈಲು ಮುಚ್ಚಿಹೋಗದಂತೆ ಸ್ವಯಂಸೇವಕರೇ ಕೈಗೆತ್ತಿಕೊಂಡು ಓಡಿಸಿದರು. ಜಗತ್ತಿನಲ್ಲೇ ಅದು ಮೊದಲು.

ನಮ್ಮ ಎಂಜಿನ್ ಲೀಡ್ಸಿನ ಹನ್ಸ್‌ಲೆಟ್ ಕಂಪನಿ ಸ್ಲೇಟ್ ಗಣಿಗೆಂದು ಕಟ್ಟಿದ್ದು. ನಾಲ್ಕೇ ಚಕ್ರ. ಎರಡು ಹಳಿಗಳ ನಡುವೆ ಎರಡಡಿಗೆ ಸ್ವಲ್ಪ ಕಡಿಮೆ. ನೀರಿನ ಟ್ಯಾಂಕು ಕುದುರೆಯ ಜೀನಿನ ಹಾಗೆ ಬಾಯ್ಲರ್ ಮೇಲೆ ಕೂತಿರುತ್ತದೆ. ಪೆನ್ರಿನ್, ಡಿನೋರ್ವಿಕ್ ಗಣಿಗಳಲ್ಲಿ ಇಂಥವು ದಿನವಿಡೀ ಕಲ್ಲು ಎಳೆಯುತ್ತಿದ್ದವು. ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ನಾವು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದೆವಲ್ಲ, ಆ ಸ್ಲೇಟಿನ ಕಲ್ಲು. ಇಲ್ಲಿ ಅದನ್ನು ಮನೆಯ ಮಾಡಿಗೆ ಹೊದಿಸುತ್ತಾರೆ.

ನನಗೆ ಈ ಹುಚ್ಚು ಹಿಡಿದದ್ದು ಅಜ್ಜನಿಂದ. ಅವರ ಊರು ಚಿಂತಾಮಣಿ ಹತ್ತಿರ. ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರ ಹಾದು ಬಂಗಾರಪೇಟೆಗೆ ಹೋಗುತ್ತಿದ್ದ ಎರಡೂವರೆ ಅಡಿ ಹಳಿಯ ರೈಲು ಅವರ ರೈಲು. ಆ ದಾರಿ ಈಗ ಬ್ರಾಡ್‌ಗೇಜ್ ಆಗಿದೆ. ಆ ರೈಲನ್ನು ನಾನು ಹತ್ತಲೇ ಇಲ್ಲ. ಆ ಕೊರಗು ಇನ್ನೂ ಇದೆ.

ಬಾಯ್ಲರ್ ಸುದ್ದಿ ಬೇಗ ಹೇಳಿ ಮುಗಿಸುತ್ತೇನೆ. ಟ್ಯೂಬುಗಳನ್ನು ತೂತಿನಲ್ಲಿ ಕೂರಿಸಿ, ಒಳಗಿನಿಂದ ರೋಲರ್ ತಿರುಗಿಸಿ ಅಗಲಿಸಬೇಕು. ಮೊದಲು ರೋಲರ್ ಹಗುರವಾಗಿ ಸುತ್ತುತ್ತದೆ. ಟ್ಯೂಬು ತೂತಿನ ಅಂಚಿಗೆ ಕಚ್ಚಿದ ಕೂಡಲೇ ಕೈಗೆ ಭಾರ ಗೊತ್ತಾಗುತ್ತದೆ. ಅಲ್ಲಿಂದ ಇನ್ನೊಂದು ಸ್ವಲ್ಪ, ಅಷ್ಟೇ. ಜಾಸ್ತಿ ತಿರುಗಿಸಿದರೆ ತೂತಿರುವ ತಗಡೇ ಹಾಳು. ಆಮೇಲೆ ಬಾಯ್ಲರ್ ತುಂಬ ನೀರು ಹಾಕಿ ಪಂಪಿನಿಂದ ಒತ್ತಡ ಏರಿಸಿದೆವು. ಓಡುವಾಗ ಇದರ ಒತ್ತಡ ಚದರ ಇಂಚಿಗೆ 140 ಪೌಂಡ್. ಪರೀಕ್ಷೆಗೆ ಅದರ ಒಂದೂವರೆ ಪಟ್ಟು, ಅಂದರೆ 210. ಮೊದಲೇ ಹಬೆಯಲ್ಲಿ ನೋಡಬಹುದಲ್ಲ ಅಂತ ತುಂಬ ಜನ ಕೇಳುತ್ತಾರೆ. ಬಾಯ್ಲರ್ ಬಿಟ್ಟುಕೊಟ್ಟರೆ ನೀರು ಸುಮ್ನೆ ಚಿಮ್ಮಿ ನಿಲ್ಲುತ್ತದೆ. ಹಬೆ ಹಾಗಲ್ಲ, ಸಿಡಿಯುತ್ತದೆ. ಬೆಂಕಿ ಉರಿಯುವ ಫೈರ್‌ಬಾಕ್ಸಿನ ತಗಡುಗಳನ್ನು ಹಿಡಿದಿಡುವ ಒಂದು ಸರಳಿನ (ಸ್ಟೇ) ತಲೆಯ ಮೇಲೆ ಇಬ್ಬನಿಯಂತೆ ಒಂದು ಹನಿ ಕೂತಿತ್ತು. ಒರೆಸಿದರೆ ಮತ್ತೆ ಬಂತು. ಅದನ್ನು ಬಡಿದು ಬಿಗಿ ಮಾಡಿ ಇನ್ನೊಮ್ಮೆ ಏರಿಸಿದೆವು. ಇನ್‌ಸ್ಪೆಕ್ಟರ್ ಸಹಿ ಹಾಕಿದರು.

ಇನ್ನು ಬ್ರೇಕು. ಗಣಿಯಲ್ಲಿ ಇದಕ್ಕಿದ್ದದ್ದು ಕೈಬ್ರೇಕು ಮಾತ್ರ. ಹಿಡಿ ತಿರುಗಿಸಿದರೆ ಬ್ರೇಕಿನ ಬ್ಲಾಕು ಚಕ್ರಕ್ಕೆ ಒತ್ತುತ್ತದೆ. ನಿಧಾನಕ್ಕೆ ಹೋಗುವ ಕಲ್ಲಿನ ಗಾಡಿಗೆ ಅಷ್ಟು ಸಾಕಿತ್ತು. ಜನ ಕೂರುವ ಬೋಗಿ ಹಿಂದೆ ಕಟ್ಟಿದರೆ ಸಾಕಾಗುವುದಿಲ್ಲ.

ಯಾಕೆ ಸಾಕಾಗುವುದಿಲ್ಲ ಅನ್ನುವುದಕ್ಕೆ ಒಂದು ಕಥೆ ಇದೆ. ಶೆಡ್ಡಿಗೆ ಹೊಸಬರು ಬಂದಾಗಲೆಲ್ಲ ನಾನು ಅದನ್ನು ಹೇಳುತ್ತೇನೆ. 1889ರ ಜೂನ್ 12. ಐರ್ಲೆಂಡಿನ ಆರ್ಮಾ. ಸಂಡೇ ಸ್ಕೂಲ್ ಮಕ್ಕಳನ್ನು ಸಮುದ್ರ ತೋರಿಸಲು ಕರೆದೊಯ್ಯುತ್ತಿದ್ದ ರೈಲು ಏರಿನಲ್ಲಿ ನಿಂತುಹೋಯಿತು. ಮುಂದಿನ ಐದು ಬೋಗಿಗಳನ್ನು ಮೊದಲು ಮೇಲೆ ಕೊಂಡೊಯ್ಯೋಣ ಎಂದು ರೈಲನ್ನು ಮಧ್ಯೆ ಬಿಡಿಸಿದರು. ಆ ರೈಲಿನ ಬ್ರೇಕು ಎಂಜಿನ್ ಗಾಳಿ ಎಳೆದಾಗ ಮಾತ್ರ ಹಿಡಿಯುವಂಥದ್ದು. ಪೈಪು ಬಿಡಿಸಿದ ಕೂಡಲೇ ಹಿಂದಿನ ಬೋಗಿಗಳಿಗೆ ಬ್ರೇಕೇ ಇಲ್ಲ. ಕೊನೆಯ ವ್ಯಾನಿನ ಕೈಬ್ರೇಕು, ಚಕ್ರದ ಹಿಂದೆ ಇಟ್ಟ ಕಲ್ಲು, ಅಷ್ಟೇ ಆಸರೆ. ಮುಂದಿನ ಭಾಗ ಹೊರಡುವಾಗ ಸ್ವಲ್ಪ ಹಿಂದೆ ಸರಿದು ತಾಗಿತು. ಕಲ್ಲು ಪುಡಿಯಾಯಿತು. ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಕೆಳಗಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. 80 ಜನ ಸತ್ತರು, ಎಷ್ಟೋ ಮಕ್ಕಳು. ಅದೇ ವರ್ಷ ಕಾನೂನು ಬಂತು. ಜನರನ್ನು ಒಯ್ಯುವ ರೈಲಿಗೆ ತಾನಾಗಿಯೇ ಹಿಡಿಯುವ ಬ್ರೇಕು ಬೇಕು.

ತಾನಾಗಿಯೇ ಅಂದರೆ ಇಷ್ಟೇ. ಎಂಜಿನ್ನಿನ ಇಜೆಕ್ಟರ್ ಹಬೆಯ ರಭಸದಿಂದ ಇಡೀ ರೈಲಿನ ಪೈಪಿನಿಂದ ಗಾಳಿ ಹೀರಿ ತೆಗೆಯುತ್ತದೆ. ಗಾಳಿ ಇಲ್ಲದಿದ್ದರೆ ಬ್ರೇಕು ಬಿಟ್ಟಿರುತ್ತದೆ. ಡ್ರೈವರ್ ಒಳಗೆ ಗಾಳಿ ಬಿಡಲಿ, ಪೈಪು ಹರಿಯಲಿ, ಕೊಂಡಿ ಕಳಚಲಿ, ಗಾಳಿ ನುಗ್ಗಿದ ಕೂಡಲೇ ಎಲ್ಲ ಬೋಗಿಯೂ ಹಿಡಿದು ನಿಲ್ಲುತ್ತದೆ. ನಮ್ಮೂರ ಹಳೇ ರೈಲುಗಳಲ್ಲಿ ಚೈನ್ ಎಳೆದಾಗ ಆಗುತ್ತಿದ್ದದ್ದೂ ಇದೇ ಅಲ್ವಾ.

ಹೇಳುವುದು ಸುಲಭ. ಆದರೆ ಈ ಎಂಜಿನ್ನಿನಲ್ಲಿ ಪೈಪು ಹಾಕಲು ಜಾಗವೇ ಇಲ್ಲ. ಇಜೆಕ್ಟರನ್ನು ಡ್ರೈವರ್ ನಿಲ್ಲುವ ಕ್ಯಾಬಿನ ಎಡಗಡೆ ಇಟ್ಟರೆ, ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಮೊಣಕೈಗೆ ತಾಗುತ್ತಿತ್ತು. ಮೂರು ಸಲ ಜಾಗ ಬದಲಿಸಿದೆವು. ಕೆಳಗಿನ ಪೈಪು ಬೂದಿ ಬೀಳುವ ತಟ್ಟೆಯನ್ನು ಸುತ್ತಿಕೊಂಡು ಹೋಗಬೇಕಿತ್ತು. ಬಗ್ಗಿಸಿಕೊಡಲು ಹೊರಗೆ ಕೊಟ್ಟಿದ್ದ ಪೈಪು ಅರ್ಧ ಇಂಚು ಗಿಡ್ಡ ಬಂತು. ಆರು ವಾರ ಹೋಯಿತು.

ಮಾರ್ಚಿನಲ್ಲಿ ಶೆಡ್ಡಿನ ಪಂಪು ಹಚ್ಚಿ ಮೊದಲ ಸಲ ಗಾಳಿ ಎಳೆದೆವು. ಅಳತೆ ಪಾದರಸದ ಇಂಚಿನ ಲೆಕ್ಕದಲ್ಲಿ; 21 ಇಂಚು ಬರಬೇಕು. ಮುಳ್ಳು 14ಕ್ಕೆ ನಿಂತಿತು. ಎಲ್ಲೋ ಸೋರಿಕೆ. ಹೊರಗೆ ಚಿಮ್ಮುವ ಸೋರಿಕೆಯಾದರೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಬಹುದು. ಇದು ಒಳಗೆ ಎಳೆಯುವ ಸೋರಿಕೆ. ಮೇಣದ ಬತ್ತಿ ಹಚ್ಚಿ, ಶೆಡ್ಡಿನ ಬಾಗಿಲು ಹಾಕಿ, ಒಂದೊಂದೇ ಜಾಯಿಂಟಿನ ಸುತ್ತ ಹಿಡಿಯುತ್ತಾ ಹೋದೆವು. ಹದಿನೇಳು ಜಾಯಿಂಟು ಆದವು, ಜ್ವಾಲೆ ನೆಟ್ಟಗೇ ಇತ್ತು. ಕ್ಯಾಬಿನ ನೆಲದ ಕೆಳಗೆ, ಎರಡು ಪೈಪುಗಳನ್ನು ಬೋಲ್ಟು ಹಾಕಿ ಕೂಡಿಸುವ ಫ್ಲಾಂಜಿನ ಹತ್ತಿರ ಮಾತ್ರ ಅದು ಎಳೆದ ಹಾಗೆ ಬಾಗಿ, ತೆಳ್ಳಗಾಗಿ, ಸಂದಿಯ ಕಡೆ ನಾಲಗೆ ಚಾಚಿತು. ಅದು ನಾನೇ ಕೂರಿಸಿದ್ದ ಜಾಯಿಂಟು. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯುವ ಬದಲು ಸಾಲಾಗಿ ಬಿಗಿದಿದ್ದೆ. ವಾಷರ್ ಒಂದು ಕಡೆ ಎದ್ದಿತ್ತು. ಬಿಚ್ಚಿ, ಹೊಸ ವಾಷರ್ ಹಾಕಿ, ಸರಿಯಾಗಿ ಬಿಗಿದೆ. ಮುಳ್ಳು 21ಕ್ಕೆ ಹೋಗಿ ಅಲ್ಲೇ ನಿಂತಿತು.

ಹೋದ ಶನಿವಾರ ಬೆಂಕಿ ಹಾಕಿದೆವು. ನಿಧಾನವಾಗಿ, ಐದು ಗಂಟೆ ಹೊತ್ತು. 140ಕ್ಕೆ ಸೇಫ್ಟಿ ವಾಲ್ವ್ ಎದ್ದಿತು. ಎರಡು ಖಾಲಿ ಬೋಗಿ ಕಟ್ಟಿಕೊಂಡು ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಹೊರಟೆವು. ಬೇಕೆಂದೇ ಹಿಂದಿನ ಬೋಗಿಯ ಬ್ರೇಕ್ ಪೈಪಿನ ಹೋಸನ್ನು ಕಿತ್ತೆ. ಒಳಗೆ ಗಾಳಿ ನುಗ್ಗಿದ ಸುಸ್ ಸದ್ದು ಕೇಳಿತು. ಬ್ಲಾಕುಗಳು ಕಚ್ಚಿದವು. ಒಂದು ಬೋಗಿಯಷ್ಟು ಉದ್ದ ಕೂಡ ಮುಂದೆ ಹೋಗದೆ ಎರಡೂ ನಿಂತವು. ಹೋಸ್ ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಡಲು ಮನಸ್ಸಾಗಲಿಲ್ಲ.

ಬಲಗಡೆಯ ಹಿಂದಿನ ಬ್ಲಾಕು, ಬ್ರೇಕು ಬಿಟ್ಟಾಗಲೂ ಚಕ್ರಕ್ಕೆ ಸ್ವಲ್ಪ ಉಜ್ಜುತ್ತಿದೆ. ಮೊದಲು ಅದನ್ನು ಸರಿ ಮಾಡಬೇಕು. ಆಮೇಲೆ ಸೀಟುಗಳ ಮೇಲೆ ಜನರ ತೂಕಕ್ಕೆ ಮರಳಿನ ಚೀಲ ಇಟ್ಟು, ಏರಿನ ಮೇಲೆ ಇದೇ ಪರೀಕ್ಷೆ. ಚೀಲ ತುಂಬಲು ಬರುತ್ತೇನೆ ಅಂತ ಮಗಳು ಹೇಳಿದ್ದಾಳೆ.