ಗಾಜಿನ ಮೆನು, ಬಳುಕುವ ವಿಂಡೋ

ನವೆಂಬರ್ 16, 2025, ಭಾನುವಾರ

ಮಧ್ಯಾಹ್ನ ಊಟದ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್. ತಮ್ಮನ ಮ್ಯಾಕ್‌ಬುಕ್‌ನಲ್ಲಿ ಆ್ಯಪಲ್‌ನ ಹೊಸ ಮ್ಯಾಕ್‌ಓಎಸ್ ಟಾಹೋ, ಆಫೀಸಿನದರಲ್ಲಿ ವಿಂಡೋಸ್ 11, ನನ್ನ ಹಳೇದರಲ್ಲಿ ಲಿನಕ್ಸ್ ಮೇಲೆ ಕೆಡಿಇ ಪ್ಲಾಸ್ಮಾ 6 (ವಿಂಡೋ, ಮೆನು ಎಲ್ಲ ತೋರಿಸುವ ಮುಕ್ತ ತಂತ್ರಾಂಶ). ಯಾವುದರ ಥಳಕು ಜಾಸ್ತಿ ಅಂತ ವಾದ ಶುರುವಾಯಿತು.

ಮೊದಲ ನೋಟಕ್ಕೆ ಮ್ಯಾಕ್ ಗೆಲ್ಲುತ್ತದೆ, ಒಪ್ಪಬೇಕು. ಸೆಪ್ಟೆಂಬರ್‌ನಲ್ಲಿ ಬಂದ ಅದರ ಹೊಸ ವಿನ್ಯಾಸ ‘ಲಿಕ್ವಿಡ್ ಗ್ಲಾಸ್’ ನಿಜವಾಗಿಯೂ ಗಾಜಿನ ಹಾಗೇ ಕಾಣುತ್ತದೆ, ಅಂಚಿನಲ್ಲಿ ಹಿಂದಿನ ಬಣ್ಣ ಬಾಗುತ್ತದೆ. ಎಲ್ಲೂ ತಡವರಿಸುವುದಿಲ್ಲ. ಆದರೆ ಒಂದು ಕನ್ನಡ ಮೆಸೇಜ್‌ನ ನೋಟಿಫಿಕೇಶನ್ ಬಂತು ನೋಡಿ, ಹಿಂದೆ ಗಿಡಮರದ ವಾಲ್‌ಪೇಪರ್. ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು. ನಮ್ಮ ಒತ್ತಕ್ಷರಗಳು ಕೆಳಗೆ ಚಿಕ್ಕದಾಗಿ ಕೂತಿರುತ್ತವಲ್ವಾ, ಅವು ಎಲೆಗಳ ನಡುವೆ ಕಲಸಿಹೋದವು. ಈ ದೂರು ನನ್ನೊಬ್ಬನದೇ ಇರಲಿಕ್ಕಿಲ್ಲ. ಈ ತಿಂಗಳ 26.1 ಅಪ್‌ಡೇಟ್‌ನಲ್ಲಿ ಗಾಜನ್ನು ಮಬ್ಬು ಮಾಡುವ ‘ಟಿಂಟೆಡ್’ ಆಯ್ಕೆ ಬಂದಿದೆ. ಹಾಕಿಕೊಟ್ಟೆ. ತಮ್ಮನಿಗೆ ಬೇಸರ, ನನಗೆ ಓದಲು ಬಂತು.

ವಿಂಡೋಸ್ 11ರ ಬಗ್ಗೆ ಹೇಳುವುದು ಕಮ್ಮಿ. ಸೆಟ್ಟಿಂಗ್ಸ್‌ನಲ್ಲಿ ಪಾರದರ್ಶಕತೆಗೆ ಒಂದು ಸ್ವಿಚ್, ಅನಿಮೇಶನ್‌ಗೆ ಒಂದು ಸ್ವಿಚ್. ಯಾವ ಎಫೆಕ್ಟ್ ಬೇಕು, ಯಾವುದು ಬೇಡ ಅಂತ ಒಂದೊಂದಾಗಿ ಹೇಳಬೇಕೆಂದರೆ ಹಳೇ ಕಾಲದ ಪರ್ಫಾರ್ಮೆನ್ಸ್ ಆಪ್ಶನ್ಸ್ ಡಬ್ಬಿ ಹುಡುಕಿ ತೆಗೆಯಬೇಕು. ಸುಮ್ನೆ ತನ್ನ ಪಾಡಿಗೆ ಇರುತ್ತದೆ, ಆಫೀಸಿಗೆ ಅಷ್ಟು ಸಾಕು.

ಪ್ಲಾಸ್ಮಾದಲ್ಲಿ ‘ಡೆಸ್ಕ್‌ಟಾಪ್ ಎಫೆಕ್ಟ್ಸ್’ ಪುಟ ತೆಗೆದು ‘ವಾಬ್ಲಿ ವಿಂಡೋಸ್’ ಟಿಕ್ ಮಾಡಿದೆ. ವಿಂಡೋ ಹಿಡಿದು ಎಳೆದರೆ ಗಾಳಿಗೆ ಬಾಳೆ ಎಲೆ ಬಳುಕಿದ ಹಾಗೆ ಬಳುಕುತ್ತದೆ. ತಮ್ಮ ಐದು ನಿಮಿಷ ಅದನ್ನೇ ಎಳೆದಾಡಿದ. ಒಳಗಿನ ಲೆಕ್ಕ ಚೆನ್ನಾಗಿದೆ. ವಿಂಡೋವನ್ನು ನೇರವಾಗಿ ಪರದೆ ಮೇಲೆ ಬಿಡಿಸುವುದಿಲ್ಲ. ಮೊದಲು ಮೆಮೊರಿಯಲ್ಲಿ ಒಂದು ಚಿತ್ರವಾಗಿ ಬಿಡಿಸಿಟ್ಟು, ಆ ಚಿತ್ರದ ಮೇಲೆ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಬಿಂದು ಇಡುತ್ತಾರೆ. ಒಂದು ಬಿಂದು ಎಳೆದರೆ ಪಕ್ಕದವು ಸ್ಪ್ರಿಂಗ್ ಕಟ್ಟಿದಂತೆ ತಡವಾಗಿ ಹಿಂಬಾಲಿಸುತ್ತವೆ. ಬಾಗಿದ ಚಿತ್ರವನ್ನು ಪರದೆ ಮೇಲೆ ಬಿಡಿಸುವುದು ಗ್ರಾಫಿಕ್ಸ್ ಚಿಪ್. ಎಷ್ಟು ಬಳುಕಬೇಕು ಅನ್ನುವುದಕ್ಕೂ ಒಂದು ಸ್ಲೈಡರ್ ಇದೆ. ಎಳೆದಾಗ ಮಾತ್ರ ಬಳುಕಲಿ, ಅಳತೆ ಬದಲಿಸಿದಾಗ ಬೇಡ ಅಂದರೆ ಅದಕ್ಕೂ ಪ್ರತ್ಯೇಕ ಟಿಕ್.

ಇದು ಹೊಸದೇನಲ್ಲ. ನೊವೆಲ್ ಕಂಪನಿಯಲ್ಲಿದ್ದ ಡೇವಿಡ್ ರೆವೆಮನ್ 2006ರ ಆರಂಭದಲ್ಲೇ ಲಿನಕ್ಸ್‌ಗೆ ಕಾಂಪಿಜ್ ಅನ್ನುವ ಎಫೆಕ್ಟ್ ತಂತ್ರಾಂಶ ಹೊರತಂದಿದ್ದರು. ಬಳುಕುವ ವಿಂಡೋ, ಒಂದೊಂದು ಮುಖದಲ್ಲಿ ಒಂದೊಂದು ಡೆಸ್ಕ್‌ಟಾಪ್ ತೋರಿಸುತ್ತಾ ತಿರುಗುವ ಕ್ಯೂಬ್ ಎಲ್ಲ ಅದರಲ್ಲಿತ್ತು. ಜನರ ಕೈಗೆ ವಿಂಡೋಸ್ ವಿಸ್ಟಾ ಬಂದದ್ದು 2007ರ ಜನವರಿಯಲ್ಲಿ. ಅದರ ‘ಏರೋ’ ಅನ್ನುವ ಗಾಜಿನ ನೋಟಕ್ಕೆ ಕನಿಷ್ಠ 128 ಎಂಬಿ ಗ್ರಾಫಿಕ್ಸ್ ಮೆಮೊರಿ ಶಿಫಾರಸು ಮಾಡಿದ್ದರು. ವಿಸ್ಟಾದ ಹೋಮ್ ಬೇಸಿಕ್ ಆವೃತ್ತಿ ಕೊಂಡವರಿಗಂತೂ ಗಾಜೇ ಇಲ್ಲ! ಕಾಂಪಿಜ್ ಇಂಟೆಲ್‌ನ ಸಾಧಾರಣ ಗ್ರಾಫಿಕ್ಸ್ ಮೇಲೂ ಓಡುತ್ತಿತ್ತು, ದುಡ್ಡೂ ಇಲ್ಲ. ಡ್ರೈವರ್ ಕೂರಿಸಲು ಇಡೀ ರಾತ್ರಿ ಹೋಗುತ್ತಿತ್ತು, ಅದು ಬೇರೆ ಮಾತು. ಇವೆರಡಕ್ಕಿಂತ ಮುಂಚೆ, 2002ರಲ್ಲೇ, ಮ್ಯಾಕ್ ವಿಂಡೋಗಳನ್ನು ಪರದೆ ಮೇಲೆ ಜೋಡಿಸಿ ತೋರಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸಿತ್ತು. ಆ ಮೆಚ್ಚುಗೆ ಅದಕ್ಕೇ ಸಲ್ಲಬೇಕು.

ಹಾಗಂತ ಮುಕ್ತ ತಂತ್ರಾಂಶ ಅಂದ ಮಾತ್ರಕ್ಕೆ ಎಲ್ಲಾ ಗುಂಡಿ ನಮ್ಮ ಕೈಲಿ ಅಂತಲ್ಲ. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಗ್ನೋಮ್ ಕೂಡ ಮುಕ್ತವೇ. ಅಲ್ಲಿ ಸೆಟ್ಟಿಂಗ್ಸ್ ತೆರೆದರೆ ಅನಿಮೇಶನ್ ಬೇಕೋ ಬೇಡವೋ, ಅಷ್ಟೇ. ಬಳುಕು ಬೇಕಿದ್ದರೆ ಯಾರೋ ಬರೆದ ಎಕ್ಸ್‌ಟೆನ್ಶನ್ ಹಾಕಬೇಕು. ಮುಂದಿನ ಆವೃತ್ತಿ ಬಂದಾಗ ಅದು ಕೆಟ್ಟರೆ ಕಾಯಬೇಕು. ಆದರೂ ಬರೆಯುವವರಿಗೆ ಬಾಗಿಲು ತೆರೆದಿದೆ. ಮ್ಯಾಕ್‌ನಲ್ಲಿ ವಿಂಡೋ ಹೇಗೆ ಮಡಚಬೇಕು ಅನ್ನುವುದನ್ನು ಆ್ಯಪಲ್ ನಿರ್ಧರಿಸಿ ಆಗಿದೆ.

ನನ್ನ ಮಟ್ಟಿಗೆ ಎಫೆಕ್ಟ್ ಅಂದರೆ ವಿಂಡೋ ಎಲ್ಲಿಗೆ ಹೋಯಿತು ಅಂತ ತೋರಿಸಬೇಕು. ಮಿನಿಮೈಸ್ ಮಾಡಿದ್ದು ಕೆಳಗಿನ ಪಟ್ಟಿಗೆ ಜಾರುವುದು ಕಂಡರೆ ಮತ್ತೆ ಹುಡುಕುವ ಕೆಲಸವಿಲ್ಲ. ಹಾಗಾಗಿ ‘ಮ್ಯಾಜಿಕ್ ಲ್ಯಾಂಪ್’ ಉಳಿಸಿಕೊಂಡೆ. ಅನಿಮೇಶನ್ ವೇಗ ಸ್ವಲ್ಪ ಜಾಸ್ತಿ ಮಾಡಿದೆ. ಬಳುಕು ತೆಗೆದೆ, ಟರ್ಮಿನಲ್ ಸರಿಸುವಾಗ ಕಣ್ಣಿಗೆ ಹಿಂಸೆ. ಕ್ಯೂಬ್ ಕೆಲ ವರ್ಷ ಕೆಡಿಇಯಿಂದ ಮಾಯವಾಗಿ 2024ರ ಫೆಬ್ರುವರಿಯಲ್ಲಿ ಪ್ಲಾಸ್ಮಾ 6ರ ಜೊತೆ ಮರಳಿತು. ಯಾವ ಉಪಯೋಗವೂ ಇಲ್ಲ. ಅದನ್ನು ಮಾತ್ರ ತೆಗೆದಿಲ್ಲ.