ಮೀಟರಿನಲ್ಲಿ ಕರೆಂಟ್ ಕಂಡರೆ ಸಾಲದು

ವಿದ್ಯುತ್ ಉತ್ಪಾದಿಸುವ ಬ್ಯಾಕ್ಟೀರಿಯಾಗಳ ಚಯಾಪಚಯ ನನ್ನ ಕೆಲಸ. ಉಡುಪಿಯ ನಮ್ಮ ಲ್ಯಾಬಿಗೆ ಹೊಸಬರು ಬಂದಾಗಲೆಲ್ಲ ನಾನು ಮೊದಲು ಹೇಳುವುದು ಇಷ್ಟೇ: ಬಾಟಲಿಯ ಕೆಸರಿನಲ್ಲಿ ಎಲೆಕ್ಟ್ರೋಡ್ ಇಳಿಸಿ ಕರೆಂಟ್ ಬಂತು ಅಂದ ಮಾತ್ರಕ್ಕೆ ಜಿಯೋಬ್ಯಾಕ್ಟರ್ ಎಂಬ ಅಂಥ ಬ್ಯಾಕ್ಟೀರಿಯಾ ಸಿಕ್ಕಿತು ಎಂದು ಬರೆಯಬೇಡಿ. ಆ ಎಲೆಕ್ಟ್ರಾನ್ ಎಲ್ಲಿಂದ ಹೊರಟಿತು ಅಂತ ತೋರಿಸಿ.

ನಮ್ಮ ಕರಾವಳಿಯ ಕೆಸರಿಗೆ ಈ ಎಚ್ಚರ ತುಂಬಾ ಬೇಕು. ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆ ಅಳಿವೆಯ ಸುತ್ತ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಕೆದಕಿದರೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಮರುವಾಯಿ ಚಿಪ್ಪು ಹೆಕ್ಕುವವರಿಗೆಲ್ಲ ಪರಿಚಿತ ವಾಸನೆ ಅದು, ಹೈಡ್ರೋಜನ್ ಸಲ್ಫೈಡಿನದ್ದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಆಮ್ಲಜನಕ ಸಿಗದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ಉಸಿರಾಡಿ ಸಲ್ಫೈಡ್ ಬಿಡುತ್ತವೆ. ಆ ಸಲ್ಫೈಡ್ ಎಲೆಕ್ಟ್ರೋಡಿಗೆ ತಾಗಿದರೆ ಯಾವ ಜೀವಿಯ ನೆರವೂ ಇಲ್ಲದೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಗಂಧಕವಾಗುತ್ತದೆ. ಮೀಟರಿಗೆ ಈ ವ್ಯತ್ಯಾಸ ತಿಳಿಯದು.

ಜಿಯೋಬ್ಯಾಕ್ಟರ್ ಮಾಡುವ ಕೆಲಸವೇ ಬೇರೆ, ಎಷ್ಟು ಸಲ ನೋಡಿದರೂ ನನಗೆ ಬೆರಗು. ವಿನೆಗರಿನ ಆಮ್ಲದಿಂದ ಬರುವ ಅಸಿಟೇಟನ್ನು, ನಮ್ಮ ಜೀವಕೋಶಗಳಲ್ಲೂ ನಡೆಯುವ ಸಿಟ್ರಿಕ್ ಆಮ್ಲ ಚಕ್ರದಲ್ಲಿ ಕಾರ್ಬನ್ ಡೈಆಕ್ಸೈಡ್ ತನಕ ಒಡೆದು, ಅಣುವೊಂದಕ್ಕೆ 8 ಎಲೆಕ್ಟ್ರಾನ್ ತೆಗೆಯುತ್ತದೆ. ನಾವು ಮನುಷ್ಯರು ಅವನ್ನು ಜೀವಕೋಶದ ಒಳಗೇ ಆಮ್ಲಜನಕಕ್ಕೆ ಕೊಡುತ್ತೇವೆ. ಜಿಯೋಬ್ಯಾಕ್ಟರ್ ತನ್ನ ಎರಡು ಪೊರೆ ದಾಟಿಸಿ ಹೊರಗಿನ ಕಬ್ಬಿಣದ ಆಕ್ಸೈಡಿಗೋ ಎಲೆಕ್ಟ್ರೋಡಿಗೋ ಒಪ್ಪಿಸುತ್ತದೆ. ದಾಟಿಸುವವು ಸೈಟೋಕ್ರೋಮ್‌ಗಳು, ಅಂದರೆ ಹೀಮ್ ಎಂಬ ಕಬ್ಬಿಣದ ಅಣು ಹೊತ್ತ ಪ್ರೋಟೀನ್‌ಗಳು. 2003ರಲ್ಲಿ ಜಿಯೋಬ್ಯಾಕ್ಟರ್ ಸಲ್ಫರ್‌ರೆಡ್ಯೂಸೆನ್ಸ್‌ನ ಜೀನೋಮ್ ಓದಿದಾಗ ಅಂಥವು ನೂರಕ್ಕೂ ಹೆಚ್ಚು ಕಂಡವು. ಎಲೆಕ್ಟ್ರೋಡಿನ ಮೇಲೆ ದಪ್ಪಗೆ ಬೆಳೆದ ಪದರ ನಸುಗೆಂಪಾಗಿ ಕಾಣುವುದೂ ಅವುಗಳ ಹೀಮ್‌ನಿಂದಲೇ.

ಹಾಗಾಗಿ ನಮ್ಮ ಲೆಕ್ಕ ಅಸಿಟೇಟಿನಿಂದ ಶುರು. 1 ಮಿಲಿಮೋಲ್ ಪೂರ್ತಿ ಒಡೆದರೆ 772 ಕೂಲಂಬ್ ವಿದ್ಯುದಾವೇಶ ಬರಬೇಕು. ಸ್ವಲ್ಪ ಭಾಗ ಬ್ಯಾಕ್ಟೀರಿಯಾದ ಮೈಗೆ ಹೋಗುವುದರಿಂದ ಅಷ್ಟೂ ಸಿಗುವುದಿಲ್ಲ. ಆದರೆ ಕಾಲು ಭಾಗದ ಆಸುಪಾಸಿನಲ್ಲೇ ನಿಂತರೆ ನಾನು ಸಲ್ಫೇಟ್ ಅಳೆಯಲು ಹೇಳುತ್ತೇನೆ. ಯಾಕೆಂದರೆ 8 ಎಲೆಕ್ಟ್ರಾನೂ ಸಲ್ಫೇಟಿಗೆ ಹೋಗಿ, ಸಲ್ಫೈಡ್ ಗಂಧಕದಲ್ಲೇ ನಿಂತರೆ, ಎಲೆಕ್ಟ್ರೋಡಿಗೆ ಬರುವುದು 2 ಮಾತ್ರ. ಅಸಿಟೇಟ್ ಖರ್ಚಾಗಿ ಸಲ್ಫೇಟ್ ಹಾಗೇ ಇದ್ದರೆ ಅಸಿಟೇಟ್ ಮೀಥೇನ್ ಆಗಿ ಹೋಯಿತೇ ಎಂದು ನೋಡಬೇಕು, ಮುಚ್ಚಳದಿಂದ ಗಾಳಿ ಒಳಸೇರುತ್ತಿದೆಯೇ ಎಂದೂ. ಅಸಿಟೇಟ್ ಹಾಕದ ಒಂದು ಬಾಟಲಿ ಯಾವಾಗಲೂ ಪಕ್ಕದಲ್ಲಿರಬೇಕು. ಕೆಸರಿನಲ್ಲಿ ಮೊದಲೇ ಇದ್ದ ಸಲ್ಫೈಡ್ ಎಷ್ಟು ಕರೆಂಟ್ ಕೊಡುತ್ತದೆ ಎಂದು ಅದರಿಂದ ಗೊತ್ತಾಗುತ್ತದೆ.

ವಿದ್ಯುತ್ ಕೊಡುವ ಇನ್ನೊಂದು ಬ್ಯಾಕ್ಟೀರಿಯಾ ಶೆವಾನೆಲ್ಲಾಗೆ ಈ ಲೆಕ್ಕ ಹೊಂದದು. ಅದು ಮೊಸರಿನ ಹುಳಿಯಲ್ಲಿರುವ ಲ್ಯಾಕ್ಟೇಟ್ ತಿಂದು, ಆಮ್ಲಜನಕ ಇಲ್ಲದಾಗ ಅಸಿಟೇಟಿಗೇ ನಿಲ್ಲಿಸುತ್ತದೆ: 4 ಎಲೆಕ್ಟ್ರಾನ್. ಫ್ಲಾವಿನ್ ಎಂಬ ಅಣುಗಳನ್ನು ನೀರಿಗೆ ಬಿಟ್ಟು ಅವುಗಳ ಮೂಲಕವೂ ಎಲೆಕ್ಟ್ರಾನ್ ಸಾಗಿಸುತ್ತದೆ. ಬಾಟಲಿಯ ದ್ರವ ಬದಲಿಸಿದ ಕೂಡಲೇ ಕರೆಂಟ್ ಕುಸಿದು ನಿಧಾನಕ್ಕೆ ಏರಿದರೆ ಇಂಥ ಸಾಗಣೆಯ ಗುಮಾನಿ ಬರಬೇಕು. ಎಲೆಕ್ಟ್ರೋಡಿಗೇ ಅಂಟಿ ಬೆಳೆದ ಜಿಯೋಬ್ಯಾಕ್ಟರ್ ಪದರಕ್ಕೆ ಹೊಸ ದ್ರವದಲ್ಲಿ ಅಸಿಟೇಟ್ ಇದ್ದರೆ ಸಾಕು, ಕರೆಂಟ್ ಬೇಗ ಹಿಂದಿನ ಮಟ್ಟಕ್ಕೆ ಬರುತ್ತದೆ.

ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ನದಿ ತುಂಬಿ ಹರಿದು ಅಳಿವೆಯ ಉಪ್ಪು ಇಳಿಯುತ್ತದೆ, ಸಲ್ಫೇಟೂ ಇಳಿಯುತ್ತದೆ. ಅದಕ್ಕೇ ಒಂದೇ ಜಾಗದ ಕೆಸರನ್ನು ಬೇಸಿಗೆಯಲ್ಲೊಮ್ಮೆ, ಆಟಿಯಲ್ಲೊಮ್ಮೆ ತರುತ್ತೇವೆ. ಬಾಟಲಿಯ ಚೀಟಿಯಲ್ಲಿ ತಾರೀಕಿನ ಜೊತೆ ಉಪ್ಪಿನಂಶವೂ ಸಲ್ಫೇಟೂ ಇರದಿದ್ದರೆ ಆ ಬಾಟಲಿಗೆ ತಂತಿ ಜೋಡಿಸಲು ನಾನು ಬಿಡುವುದಿಲ್ಲ.